ಹೊಸ ರಿಗ್ಗೂ, ಹಳೇ ಹೆಂಚೂ...

ಈ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ಕಾರಣ ಹೇಳಿದರೆ ನಗಬೇಡಿ. ಒಂದು ಡಬ್ಬಿಯ ಮೇಲೆ ಮನಸ್ಸಾಗಿ ಕೂತಿದೆ. ಬಣ್ಣ ಕಪ್ಪು, ತೂಕ ನಾಲ್ಕು ಕೆಜಿ ಚಿಲ್ಲರೆ, ಬೆಲೆ ಲಕ್ಷದ ಮೇಲೆ. ಹೆಸರು ಐಕಾಮ್ ಐಸಿ-7300!

ಹ್ಯಾಮ್ ರೇಡಿಯೋ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡು, ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ನಮ್ಮಂಥದೇ ಹುಚ್ಚಿರುವ ಬೇರೆ ದೇಶದವರ ಜೊತೆ ಮಾತಾಡುವ ಹವ್ಯಾಸ ಇದು. ಇದರಿಂದ ದುಡ್ಡು ಮಾಡುವ ಹಾಗಿಲ್ಲ, ಕಳೆದುಕೊಳ್ಳಬಹುದು ಅಷ್ಟೆ :) ನಮ್ಮ ದೇಶದ ಹ್ಯಾಮ್‌ಗಳ ಕರೆಸಂಕೇತ ಸಾಮಾನ್ಯವಾಗಿ 'ವಿಯು' ಅಂತ ಶುರುವಾಗುತ್ತೆ. ರಾಜೀವ್ ಗಾಂಧಿ ಕೂಡ ಹ್ಯಾಮ್ ಆಗಿದ್ದರು, ಅವರದು ವಿಯು2ಆರ್‌ಜಿ. ಕಳಿಸುವುದಕ್ಕೂ ಕೇಳುವುದಕ್ಕೂ ಒಂದೇ ಪೆಟ್ಟಿಗೆ ಇದ್ದರೆ ಅದು ಟ್ರಾನ್ಸೀವರ್. ನಾವು ಪ್ರೀತಿಯಿಂದ 'ರಿಗ್' ಅನ್ನುತ್ತೇವೆ.

ನನ್ನ ಹತ್ತಿರ ರಿಗ್ ಇಲ್ಲ ಅಂತಲ್ಲ. 2006ರಲ್ಲಿ ಕೈಯಾರೆ ಬೆಸುಗೆ ಹಾಕಿ ಮಾಡಿಕೊಂಡ ಬಿಟ್‌ಎಕ್ಸ್ ಇದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ (ವಿಯು2ಇಎಸ್‌ಇ) ಅವರ ವಿನ್ಯಾಸ ಅದು. ವಿದೇಶಿ ರಿಗ್ ಕೊಳ್ಳಲಾಗದವರೂ ಸುಲಭಕ್ಕೆ ಸಿಗುವ ಬಿಡಿಭಾಗಗಳಿಂದ ಮಾಡಿಕೊಳ್ಳಲಿ ಅಂತ ಮಾಡಿ, ನಕ್ಷೆಯನ್ನೂ ಪುಕ್ಕಟೆ ಕೊಟ್ಟರು ಪುಣ್ಯಾತ್ಮರು. ನಲ್ಲಿಯ ವಾಷರ್ ಮೇಲೂ ಕಾಯಿಲ್ ಸುತ್ತಬಹುದು ಅಂತ ನಾನು ಕಲಿತಿದ್ದು ಅಲ್ಲೇ. 14 ಮೆಗಾಹರ್ಟ್ಸ್ ಬ್ಯಾಂಡ್ ಒಂದೇ, ಶಕ್ತಿ 6 ವ್ಯಾಟ್. ರಾತ್ರಿ ಹಚ್ಚುವ ಮಂಕು ದೀಪದಷ್ಟು!

ಅದಕ್ಕೊಂದು ಕಾಯಿಲೆ ಇದೆ. ಬಿಸಿಯಾಗುತ್ತಾ ಹೋದ ಹಾಗೆ ಫ್ರೀಕ್ವೆನ್ಸಿ ಜಾರುತ್ತೆ. ಆ ಕಡೆಯವನು ಗಂಭೀರವಾಗಿ ಮಾತಾಡುತ್ತಿದ್ದವನು ಐದು ನಿಮಿಷಕ್ಕೆ ಬಾತುಕೋಳಿಯಾಗಿಬಿಡುತ್ತಾನೆ. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈ ಸದಾ ಟ್ಯೂನಿಂಗ್ ಗುಂಡಿಯ ಮೇಲೆ. 2017ರಲ್ಲಿ ಬಂದ ಎಫ್‌ಟಿ8 ಅನ್ನುವ ಡಿಜಿಟಲ್ ವಿಧಾನದಲ್ಲಿ ಕಿವಿಗೇ ಕೇಳದಷ್ಟು ಕ್ಷೀಣ ಸಿಗ್ನಲ್ಲನ್ನೂ ಕಂಪ್ಯೂಟರ್ ಹೆಕ್ಕಿ ಕೊಡುತ್ತೆ. ಆದರೆ ಹೀಗೆ ಜಾರುವ ರಿಗ್ಗಿಗೆ ಅದು ದೂರದ ಬೆಟ್ಟ.

ಹೀಗಿರುವಾಗ ಗೆಳೆಯನೊಬ್ಬನ ಮನೆಯಲ್ಲಿ ಈ 7300 ನೋಡಿದೆ. ನೋಡಬಾರದಿತ್ತು! 100 ವ್ಯಾಟ್. ಪರದೆಯ ಮೇಲೆ ಇಡೀ ಬ್ಯಾಂಡು ಜಲಪಾತದ ಹಾಗೆ ಇಳಿಯುತ್ತಿರುತ್ತೆ. ಯಾರು ಎಲ್ಲಿ ಮಾತಾಡುತ್ತಿದ್ದಾರೋ ಅಲ್ಲಿ ಒಂದು ಬಣ್ಣದ ಗೆರೆ, ಬೆರಳಿಟ್ಟರೆ ದನಿ. ಇಪ್ಪತ್ತು ವರ್ಷ ಕತ್ತಲಲ್ಲಿ ಗೋಡೆ ತಡವುತ್ತಾ ನಡೆದವನಿಗೆ ಯಾರೋ ಲೈಟ್ ಹಾಕಿದ ಹಾಗಾಯ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಅವಸರಕ್ಕೆ ಇನ್ನೊಂದು ಕಾರಣ ಸೂರ್ಯ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗುತ್ತವೆ. ಆಗ ಮೇಲಿನ ಅಯಾನುಗೋಳ ಹೆಚ್ಚು ಅಯಾನೀಕರಣಗೊಂಡು, ನಮ್ಮ ಅಲೆಗಳನ್ನು ದೂರ ದೂರಕ್ಕೆ ಬಾಗಿಸಿ ಕಳಿಸುತ್ತೆ. ಹಿಂದಿನ ಶಿಖರ 2014ರಲ್ಲಿ. ಆಗ ಮಗಳ ಫೀಸು. ಈ ಸಲದ ಶಿಖರ 2024ರಲ್ಲಿ ಬಂತು, ಇನ್ನು ಇಳಿಮುಖ. ಮುಂದಿನದಕ್ಕೆ 2030ರ ದಶಕದ ನಡುವಿನವರೆಗೆ ಕಾಯಬೇಕು. ನನಗೀಗ ಐವತ್ತನಾಲ್ಕು. ಲೆಕ್ಕ ನೀವೇ ಹಾಕಿ.

ಅದಕ್ಕೇ ಹಳೇ ಬಿಸ್ಕತ್ ಟಿನ್ನಿನಲ್ಲಿ ತಿಂಗಳಿಗೆ ಮೂರು ಸಾವಿರದ ಹಾಗೆ ಹಾಕುತ್ತಾ ಬಂದಿದ್ದೆ. ತೊಂಬತ್ತು ಸಾವಿರದ ಹತ್ತಿರ ಬಂದಿತ್ತು. ಅಷ್ಟರಲ್ಲಿ ಊರಿಂದ ಅಮ್ಮನ ಫೋನು. ಸಾಗರದ ಹತ್ತಿರದ ನಮ್ಮ ಮನೆ, ಅಜ್ಜ ಕಟ್ಟಿಸಿದ್ದು. ಅಡುಗೆಮನೆ ಮೇಲಿನ ಪಕಾಸು, ರೀಪು ಎಲ್ಲಾ ಗೆದ್ದಲು ಹಿಡಿದು, ಹೆಂಚು ಜಾರುತ್ತಿವೆಯಂತೆ. "ಈ ಮಳೆಗಾಲ ಹೆಂಗೋ ಆಗ್ತು, ನೀ ತಲೆಬಿಸಿ ಮಾಡ್ಕಳಡ" ಅಂದಳು. ಅಮ್ಮ ಹಾಗಂದಳು ಅಂದರೆ ಆಗಲ್ಲ ಅಂತಲೇ ಅರ್ಥ.

ನನ್ನವಳು ಏನೂ ಹೇಳಲಿಲ್ಲ. ಟಿನ್ ತಂದು ಊಟದ ಮೇಜಿನ ಮೇಲೆ ಇಟ್ಟಳು. "ನೀವೇ ಯೋಚನೆ ಮಾಡಿ. ನಾನೇನೂ ಹೇಳಲ್ಲ" ಅಂದಳು. ನಿಜ ಹೇಳುತ್ತೇನೆ, ನಾನು ತಕ್ಷಣ ಒಳ್ಳೆಯ ಮಗನಾಗಲಿಲ್ಲ. ಎರಡು ದಿನ ಮುಖ ಗಂಟು ಹಾಕಿಕೊಂಡು ಓಡಾಡಿದೆ. ಮೇಲೆ ತಾಡಪಾಲು ಹೊದಿಸಿದರೆ ಒಂದು ವರ್ಷ ತಳ್ಳಬಹುದಲ್ಲ ಅಂತಲೂ ಯೋಚಿಸಿದೆ. ಆಮೇಲೆ ನನ್ನ ಮೇಲೇ ನಾಚಿಕೆಯಾಗಿ ಬಡಗಿಗೆ ಫೋನ್ ಮಾಡಿದೆ.

ಸಮಾಧಾನಕ್ಕೆ ಲೆಕ್ಕವನ್ನೂ ಮಾಡಿಕೊಂಡೆ. 6 ವ್ಯಾಟಿನಿಂದ 100 ವ್ಯಾಟಿಗೆ ಹೋದರೆ ಸುಮಾರು 12 ಡೆಸಿಬೆಲ್ ಜಾಸ್ತಿ. ಒಂದು ಎಸ್ ಯೂನಿಟ್ ಅಂದರೆ 6 ಡೆಸಿಬೆಲ್. ಅಂದರೆ ಆ ಕಡೆಯವನ ಮೀಟರಿನಲ್ಲಿ ಎರಡೇ ಎರಡು ಮೆಟ್ಟಿಲು! ಇನ್ನು ನನಗೆ ಕೇಳುವ ವಿಷಯ. ಗೆಳೆಯ ಒಂದು ಸಂಜೆ ತನ್ನ ಪುಟ್ಟ ರಿಗ್ಗನ್ನು ನಮ್ಮ ತಾರಸಿಯ ಆಂಟೆನಾಗೆ ಸಿಕ್ಕಿಸಿದರೆ, ಯಾರೂ ಮಾತಾಡದಿದ್ದರೂ ಮೀಟರ್ ಎಸ್7ರಲ್ಲಿ ನಿಂತಿತ್ತು. ಎಲ್‌ಇಡಿ ಬಲ್ಬು, ಚಾರ್ಜರು, ಇನ್ವರ್ಟರು, ಲಿಫ್ಟು... ಬೆಂಗಳೂರಿನ ಗಲಾಟೆ ಬರೀ ರಸ್ತೆಯಲ್ಲಲ್ಲ ಸ್ವಾಮಿ, ಗಾಳಿಯಲ್ಲೂ ಇದೆ. ಅಲ್ಲಿ 7300 ಇಟ್ಟರೆ ಅದೇ ಗಲಾಟೆಯನ್ನು ಬಣ್ಣದಲ್ಲಿ ನೋಡಬಹುದು, ಅಷ್ಟೆ.

2025ರ ಮೇ ಮೊದಲ ವಾರ, ಹೆಂಚಿನ ಕೆಲಸ ಮುಗಿದ ಮೇಲೆ ಊರಿಗೆ ಹೋದೆ. ಜೊತೆಗೆ ಬಿಟ್‌ಎಕ್ಸ್ ಕೂಡ. ಅಂಗಳದ ಎರಡು ಅಡಿಕೆ ಮರಕ್ಕೆ ಹತ್ತು ಮೀಟರ್ ತಂತಿ ಎಳೆದು, ಕಾರಿನ ಬ್ಯಾಟರಿಗೆ ಸಿಕ್ಕಿಸಿ ಜಗಲಿಯಲ್ಲಿ ಕೂತೆ. ರೂಢಿಯಂತೆ ಕರೆಂಟೂ ಹೋಗಿತ್ತು. ಹೆಡ್‌ಫೋನ್ ಬಿಟ್ಟು ಸ್ಪೀಕರಿಗೇ ಹಾಕಿದೆ. ಎಷ್ಟು ನಿಶ್ಶಬ್ದ ಅಂದರೆ ರಿಗ್ ಕೆಟ್ಟಿದೆಯೇನೋ ಅನ್ನಿಸಿತು. ಆ ನಿಶ್ಶಬ್ದದ ಒಳಗಿಂದ ಇಟಲಿಯ ಒಂದು ದನಿ ಕೇಳಿಸಿತು. ಕರೆದೆ. ಮೂರನೇ ಸಲಕ್ಕೆ ಉತ್ತರ ಬಂತು!

ಅಮ್ಮ ಒಳಗಿಂದ ಬಂದು ಕಂಬಕ್ಕೆ ಒರಗಿ ನಿಂತಳು.

"ಯಾರಾ ಅದು?"

"ಇಟಲಿಯವ ಅಮ್ಮ. ನನ್ನ ದನಿ ಕೇಳ್ತಾ ಇದ್ದು ಹೇಳ್ತಿದ್ದ."

"ಹೌದಾ? ಅಲ್ಲಿ ಮಳೆ ಶುರುವಾತಾ ಕೇಳು."

ಕೇಳಿದೆ. ಇಲ್ಲವಂತೆ, ಬಿಸಿಲಿದೆಯಂತೆ. ಅಷ್ಟರಲ್ಲಿ ರಿಗ್ ಬಿಸಿಯಾಗಿ ಅವನು ಬಾತುಕೋಳಿಯಾದ. ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಿದ್ದೇ ನಕ್ಕಿದ್ದು.

ಹಾಗಂತ ಆಸೆ ಹೋಯ್ತು ಅಂದುಕೊಳ್ಳಬೇಡಿ. ಇದೆಲ್ಲಾ ಜ್ಞಾನೋದಯದ ಕತೆಯಲ್ಲ. ಆ ರಾತ್ರಿ ಮಲಗಿದಾಗಲೂ ಮೊದಲು ಬಂದ ಯೋಚನೆ, ಇಷ್ಟು ಶಾಂತವಾದ ಜಾಗದಲ್ಲಿ ಆ ಜಲಪಾತದ ಪರದೆ ಹೇಗೆ ಕಾಣಬಹುದು ಅಂತಲೇ! ಟಿನ್ನಿಗೆ ಮತ್ತೆ ಮೂರು ಸಾವಿರದಿಂದ ಶುರು ಮಾಡಿದ್ದೇನೆ. ತುಂಬುವ ಹೊತ್ತಿಗೆ ಸೂರ್ಯ ತಣ್ಣಗಾಗಿರುತ್ತಾನೆ, ಇರಲಿ. ಅಮ್ಮನ ಅಡುಗೆಮನೆ ಮಾತ್ರ ಈಗ ಸೋರುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಒಂದು ಟಿನ್ ಇದೆಯಾ? ಯಾವುದರ ಮೇಲೆ ಮನಸ್ಸು? ಬರೆದು ತಿಳಿಸಿ.

73! (ಅಂದರೆ ಹ್ಯಾಮ್ ಭಾಷೆಯಲ್ಲಿ 'ಶುಭಾಶಯಗಳು')