ಬಡ್ಡಿ ಗಡಿ ದಾಟುತ್ತದೆ

ಬಿಟಿಎಂ ಲೇಔಟಿನಲ್ಲಿ ನಾನಿರುವ ಕಟ್ಟಡದ ವಾಚ್‌ಮನ್ ನೇಪಾಳದವರು. ತಿಂಗಳಿಗೊಮ್ಮೆ ಊರಿಗೆ ದುಡ್ಡು ಕಳಿಸುತ್ತಾರೆ. ನಮ್ಮ 100 ರೂಪಾಯಿಗೆ ಅಲ್ಲಿ 160 ನೇಪಾಳಿ ರೂಪಾಯಿ. 1993ರಿಂದ ಈ ಲೆಕ್ಕ ಬದಲಾಗಿಲ್ಲ. ಡಾಲರ್ ಬೆಲೆ ದಿನಾ ಏರಿಳಿಯುವಾಗ ಇದು ಹೇಗೆ ನಿಂತಿದೆ ಎಂದು ನನಗೆ ಕುತೂಹಲ ಹುಟ್ಟಿತು.

ನೇಪಾಳ ತನ್ನ ರೂಪಾಯಿಯನ್ನು ನಮ್ಮ ರೂಪಾಯಿಗೆ ಕಟ್ಟಿಹಾಕಿದೆ. ಕಟ್ಟಿದ ಮೇಲೆ ಬಡ್ಡಿಯನ್ನು ಮನಸ್ಸಿಗೆ ಬಂದಂತೆ ಇಡಲಾಗದು. ಪಕ್ಕದೂರಿನ ಸಂಘ ಹೆಚ್ಚು ಬಡ್ಡಿ ಕೊಟ್ಟರೆ ನಮ್ಮೂರಿನ ಠೇವಣಿ ಅಲ್ಲಿಗೆ ಹೋಗುತ್ತದಲ್ಲ? ಹಾಗೆಯೇ ಅಲ್ಲಿನ ಬಡ್ಡಿ ತೀರಾ ಕಡಿಮೆಯಾದರೆ ಹಣ ಗಡಿ ದಾಟಿ ಇತ್ತ ಬರುತ್ತದೆ.

ನಾವು ಡಾಲರಿಗೆ ಹಾಗೆ ಕಟ್ಟಿಕೊಂಡಿಲ್ಲ. ಆದರೂ ಅಮೆರಿಕದಲ್ಲಿ ಬಡ್ಡಿ ಏರಿದರೆ ಇಲ್ಲಿನ ಹೂಡಿಕೆ ಅತ್ತ ಹರಿಯುತ್ತದೆ, ರೂಪಾಯಿ ಸೊರಗುತ್ತದೆ, ಆಮದು ತೈಲ ತುಟ್ಟಿಯಾಗುತ್ತದೆ. 2022ರ ಮಾರ್ಚಿನಲ್ಲಿ ಅಮೆರಿಕ ಬಡ್ಡಿ ಏರಿಸತೊಡಗಿತು. ಇಲ್ಲೂ ಬೆಲೆಯೇರಿಕೆ ಜೋರಾಗಿತ್ತು. ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 4ರಿಂದ ಏರಿಸುತ್ತ 2023ರ ಫೆಬ್ರುವರಿಗೆ ಶೇ. 6.5ಕ್ಕೆ ತಂದಿತು. ನೇಪಾಳವೂ 2022ರಲ್ಲಿ ಏರಿಸಿತು.

20 ವರ್ಷದ 20 ಲಕ್ಷ ರೂಪಾಯಿ ಗೃಹಸಾಲಕ್ಕೆ ಶೇ. 7ರಲ್ಲಿ ಕಂತು ಸುಮಾರು 15,500 ರೂಪಾಯಿ. ಶೇ. 9.5 ಆದರೆ 18,600. ಜೆ.ಪಿ. ನಗರದಲ್ಲಿ ಮನೆ ಮಾಡಿದ ಮಗ ಊರಿಗೆ ಕಳಿಸುವ ದುಡ್ಡು ಕಡಿಮೆಯಾದರೆ ಸೊಸೆಯನ್ನು ದೂರುವ ಮುಂಚೆ ಈ ಲೆಕ್ಕ ನೋಡಿ.

ದರ ಬದಲಾದಾಗ ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಕೊಡಬೇಕೆಂದು 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ನಿಮ್ಮ ಮಕ್ಕಳಿಗೂ ತಿಳಿಸಿ, ಬ್ಯಾಂಕಿನಲ್ಲಿ ಕೇಳಲಿ.