ಗುಟ್ಟು ಬಿಡದೆ ಮಾರುವ ಸರಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ ಕಾಲಕ್ಕೆ ಚಲಚ್ಚಿತ್ರವೆಂಬುದು ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿದ್ದುದರಲ್ಲಿ ಸಂದೇಹವಿಲ್ಲ. ಚಿತ್ರವನ್ನು ತಯಾರಿಸುವುದು ಮನೆ ಕಟ್ಟಿದಂತೆ. ಅದನ್ನು ಜನರ ಮುಂದೆ ತರುವುದು ಮದುವೆ ಮಾಡಿದಂತೆ. ಮೊದಲನೆಯದು ಮುಗಿಯುವ ವೇಳೆಗೆ ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆ. ಎರಡನೆಯದು ಆಗ ತಾನೇ ಬಾಗಿಲು ತಟ್ಟುತ್ತದೆ.

ಮಗನೋ ಮಗಳೋ ಸಿನಿಮಾಕ್ಕೆ ಹೊರಟರೆ ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ: ‘ಯಾರ ಸಿನಿಮಾ?’ ಹಂಚಿಕೆದಾರನೂ ಕೇಳುವುದು ಅದನ್ನೇ. ನಾಯಕನ ಹೆಸರು ಕೇಳಿದೊಡನೆ ಅವನ ಮುಖ ಅರಳಬೇಕು, ಇಲ್ಲವೇ ಬಾಡಬೇಕು. ಹೊಸಬರು ಸ್ವಲ್ಪ ಹಣದಲ್ಲಿ ತೆಗೆದ ಕುತೂಹಲಪ್ರಧಾನ ಚಿತ್ರಕ್ಕಂತೂ ಇನ್ನೊಂದು ಸಂಕಟವುಂಟು. ಸರಕನ್ನು ಬಿಚ್ಚಿ ತೋರಿಸದೆಯೇ ಮಾರಬೇಕು. ಗುಟ್ಟನ್ನು ಹೇಳಿದರೆ ಚಿತ್ರ ಕೆಟ್ಟಿತು. ಹೇಳದಿದ್ದರೆ ಜನ ಬರುವುದೇಕೆ?

ಈ ಒಗಟನ್ನು ಬಿಡಿಸಹೊರಟವರಲ್ಲಿ ಪವನ್ ಕುಮಾರರ ಹೆಸರು ನೆನೆಯತಕ್ಕದ್ದು. ‘ಮನಸಾರೆ’, ‘ಪಂಚರಂಗಿ’ ಚಿತ್ರಗಳ ಬರವಣಿಗೆಯಲ್ಲಿ ಯೋಗರಾಜ ಭಟ್ಟರೊಡನೆ ದುಡಿದು, 2011ರಲ್ಲಿ ‘ಲೈಫು ಇಷ್ಟೇನೆ’ಯನ್ನು ನಿರ್ದೇಶಿಸಿದ ಈ ತರುಣರಿಗೂ ‘ಲೂಸಿಯಾ’ದ ಕಥೆಗೆ ಬಂಡವಾಳಗಾರರು ದೊರೆಯಲಿಲ್ಲ. ತಮ್ಮ ಅಳಲನ್ನು ಅವರು ಅಂತರ್ಜಾಲದಲ್ಲಿ ಬರೆದು, ಪ್ರೇಕ್ಷಕರನ್ನೇ ನೆರವು ಕೇಳಿದರು. 27 ದಿನಗಳಲ್ಲಿ 110 ಮಂದಿ 51 ಲಕ್ಷ ರೂಪಾಯಿ ತೊಡಗಿಸಿದರು. ಹನಿಗೂಡಿ ಹಳ್ಳವಾಯಿತು.

ಇಂಥ ಪವಾಡ ಭಾರತಕ್ಕೆ ಹೊಸದೇನೂ ಅಲ್ಲ. 1976ರಲ್ಲಿ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲೆಗೆ 2 ರೂಪಾಯಿಯಂತೆ ಕೊಟ್ಟು ಶ್ಯಾಮ್ ಬೆನೆಗಲ್‌ರ ‘ಮಂಥನ್’ ಚಿತ್ರಕ್ಕೆ ನಿರ್ಮಾಪಕರಾಗಿದ್ದರು. ಎರಡರಲ್ಲಿಯೂ ಅಡಗಿರುವ ಸೂತ್ರ ಒಂದೇ. ಹಣ ಹಾಕಿದವನಿಗೆ ಚಿತ್ರ ಪರರದಾಗಿ ಉಳಿಯುವುದಿಲ್ಲ. ಅವನು ತಾನೂ ನೋಡುತ್ತಾನೆ, ನಾಲ್ವರನ್ನು ಕರೆತರುತ್ತಾನೆ. ಮನೆಯ ಮದುವೆಗೆ ಆಮಂತ್ರಣ ಹಂಚುವವನಿಗೆ ಕೂಲಿ ಕೊಡಬೇಕಾಗಿಲ್ಲವಷ್ಟೆ!

ಆದರೆ ಹಣದ ಜೊತೆಗೆ ಹೊಣೆಯೂ ಬರುತ್ತದೆ. ಒಬ್ಬ ಸಾಹುಕಾರನ ಹಣ ಮುಳುಗಿದರೆ ಒಂದು ಮನೆಯ ದುಃಖ. ನೂರಹತ್ತು ಜನರ ಹಣ ಮುಳುಗಿದರೆ ಮುಂದೆ ಬರುವ ಹೊಸಬರ ಮಾತನ್ನು ಯಾರೂ ನಂಬರು. ಚಿತ್ರ 2013ರ ಜುಲೈ 20ರಂದು ಲಂಡನ್ನಿನ ಭಾರತೀಯ ಚಲಚ್ಚಿತ್ರೋತ್ಸವದಲ್ಲಿ ತೆರೆಕಂಡು, ಪ್ರೇಕ್ಷಕರ ಮೆಚ್ಚಿನ ಪ್ರಶಸ್ತಿಯನ್ನು ಪಡೆಯಿತು. ತಾರೆಯರ ಹೆಸರಿಲ್ಲದ ಚಿತ್ರಕ್ಕೆ ಅದೊಂದು ಗುರುತಿನ ಚೀಟಿ. ಸೆಪ್ಟೆಂಬರ್ 6ರಂದು ಅದು ಕರ್ನಾಟಕದಲ್ಲಿ ಬಿಡುಗಡೆಯಾಯಿತು.

ಬಿಡುಗಡೆಯೆಂಬ ಪದ ಎಷ್ಟು ಹಗುರವೋ ಅದರ ಲೆಕ್ಕ ಅಷ್ಟೇ ಭಾರ. ಹಳೆಯ ಚಿತ್ರಮಂದಿರಗಳಲ್ಲಿ ವಾರದ ಬಾಡಿಗೆ ತೆರುವುದು ಬಹುಕಾಲದ ರೂಢಿ. ಕುರ್ಚಿಗಳು ಖಾಲಿಯಿದ್ದರೂ ಬಾಡಿಗೆ ತಪ್ಪದು. ಮಲ್ಟಿಪ್ಲೆಕ್ಸುಗಳಲ್ಲಿ ಬಂದ ಹಣವನ್ನು ಪಾಲು ಮಾಡಿಕೊಳ್ಳುವ ಪದ್ಧತಿ. ಅಲ್ಲಿ ಬಾಡಿಗೆಯ ಭಯವಿಲ್ಲವಾದರೂ, ವಾರಗಳು ಕಳೆದಂತೆ ನಿರ್ಮಾಪಕನ ಪಾಲು ಇಳಿಯುತ್ತದೆ. ಜನ ಕಡಮೆಯಾದರೆ ಸೋಮವಾರಕ್ಕೇ ಆಟಗಳನ್ನು ಕಿತ್ತು ಬೇರೊಂದಕ್ಕೆ ಕೊಡುತ್ತಾರೆ. ಎರಡು ವರ್ಷಗಳ ದುಡಿಮೆಗೆ ತೀರ್ಪು ಬರುವುದು ಶುಕ್ರವಾರದಿಂದ ಭಾನುವಾರದವರೆಗಿನ ಮೂರೇ ದಿನಗಳಲ್ಲಿ.

ಆ ಮೂರು ದಿನ ಬರಬಲ್ಲವರು ತರುಣರು. ಸಂಸಾರಸ್ಥರು ‘ಚೆನ್ನಾಗಿದೆಯಂತೆ’ ಎಂಬ ಮಾತು ಕಿವಿಗೆ ಬೀಳುವವರೆಗೆ ಕಾಯುತ್ತಾರೆ. ಆ ಮಾತನ್ನು ಹುಟ್ಟಿಸುವವರು ಕಾಲೇಜಿನ ಹುಡುಗಹುಡುಗಿಯರು, ಹೊಸದಾಗಿ ಸಂಬಳ ಕಂಡವರು. ಅವರು ಗೋಡೆಯ ಭಿತ್ತಿಪತ್ರವನ್ನು ನೋಡುವುದಿಲ್ಲ, ಕೈಯಲ್ಲಿರುವ ಫೋನನ್ನು ನೋಡುತ್ತಾರೆ. ಅಮೆರಿಕದಲ್ಲಿ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಎಂಬ ಭಯದ ಚಿತ್ರವನ್ನು ಓರೆನ್ ಪೆಲಿ ಸುಮಾರು 15,000 ಡಾಲರುಗಳಲ್ಲಿ ತಮ್ಮ ಮನೆಯಲ್ಲಿಯೇ ತೆಗೆದಿದ್ದರು. 2009ರಲ್ಲಿ ಅದನ್ನು ಮೊದಲು ಕಾಲೇಜುಗಳಿರುವ ಊರುಗಳಲ್ಲಿ ನಡುರಾತ್ರಿಯ ಆಟಗಳಾಗಿ ತೋರಿಸಿ, ‘ನಿಮ್ಮೂರಿಗೂ ಬೇಕೆ? ಕೇಳಿ’ ಎಂದು ಅಂತರ್ಜಾಲದಲ್ಲಿ ಮತ ಕೇಳಿದರು. ಬಲವಂತದಿಂದ ಬಡಿಸಿದರೆ ಬೇಡವೆನ್ನುವ ವಯಸ್ಸು, ತಾನೇ ಕೇಳಿ ಪಡೆದುದನ್ನು ಬಿಡುವುದಿಲ್ಲ.

ಈ ತರುಣರ ನಿಷ್ಠೆ ಕನ್ನಡದಲ್ಲಿಯೂ ಪರೀಕ್ಷೆಗೆ ಒಳಗಾಯಿತು. ಅನೂಪ್ ಭಂಡಾರಿಯವರ ‘ರಂಗಿತರಂಗ’ 2015ರ ಜುಲೈ 3ರಂದು ತೆರೆಕಂಡಿತು. ವಾರ ಕಳೆಯುವಷ್ಟರಲ್ಲಿ ‘ಬಾಹುಬಲಿ’ ಬಂದಿತು. ಆನೆ ಬಂದ ಹಾದಿಯಲ್ಲಿ ಕುರಿಮರಿಗೆ ಎಡೆಯೆಲ್ಲಿ? ಆಟಗಳು ಕಡಮೆಯಾದುವೆಂದು ನೋಡಿದವರೇ ದನಿಯೆತ್ತಿದರು. ಕುರಿಮರಿ ತುಳಿತಕ್ಕೆ ಸಿಕ್ಕದೆ ಬಹುಕಾಲ ಬದುಕಿತು.

ಇದನ್ನೆಲ್ಲ ನೋಡಿ, ಫೋನಿದ್ದರೆ ಸಾಕು, ಚಿತ್ರ ಗೆದ್ದಂತೆಯೇ ಎಂದು ಬಗೆಯುವುದು ಅವಿವೇಕ. ಶುಕ್ರವಾರ ಮಧ್ಯಾಹ್ನಕ್ಕೆ ಹೊಗಳಿಕೆ ಹರಡುವಷ್ಟೇ ಬೇಗ ತೆಗಳಿಕೆಯೂ ಹರಡುತ್ತದೆ. ಯುವಕರನ್ನು ಒಮ್ಮೆ ಕರೆಯಬಹುದು; ವಂಚಿಸಿ ಎರಡನೆಯ ಬಾರಿ ಕರೆಯಲಾಗದು. ಒಳ್ಳೆಯ ಥ್ರಿಲ್ಲರ್ ನೋಡಿ ಬಂದ ಹುಡುಗ ಗೆಳೆಯನಿಗೆ ಕಥೆಯನ್ನು ಹೇಳುವುದಿಲ್ಲ; ‘ನೀನೇ ಹೋಗಿ ನೋಡು’ ಎನ್ನುತ್ತಾನೆ. ಗುಟ್ಟು ಉಳಿಯಿತು, ಸರಕೂ ಮಾರಿತು! ಕೋಟಿ ಸುರಿದರೂ ದೊರೆಯದ ಜಾಹೀರಾತು ಈ ಮೂರು ಮಾತು.

‘ಲೂಸಿಯಾ’ದ ನಾಯಕನದು ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚು ಹಿಡಿಯುವ ಕೆಲಸ. ತಡವಾಗಿ ಬಂದವರಿಗೆ ಕತ್ತಲೆಯಲ್ಲಿ ಕುರ್ಚಿ ತೋರಿಸುವುದಷ್ಟೇ ಅವನ ಕರ್ತವ್ಯ. ಸಣ್ಣ ಚಿತ್ರವನ್ನು ಹಂಚುವವರ ಕೆಲಸವೂ ಅದಕ್ಕಿಂತ ಬಹಳ ದೊಡ್ಡದೇನಲ್ಲ. ದಾರಿಗೆ ಇಷ್ಟು ಬೆಳಕು ಚೆಲ್ಲಿ, ಪ್ರೇಕ್ಷಕನನ್ನು ಕೂರಿಸಿ, ತಾವು ಬದಿಗೆ ಸರಿಯಬೇಕು. ಅಲ್ಲಿಂದ ಮುಂದೆ ಮಾತಾಡಬೇಕಾದದ್ದು ತೆರೆ.