ಮರಳಿ ಬರುವ ಹಣ, ಕೊಡಬೇಕಾದ ಹಣ

ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಮಳೆ, ಮಕ್ಕಳ ಫೀಸು ಮತ್ತು ಆದಾಯ ತೆರಿಗೆಯ ಲೆಕ್ಕ ಮೂರೂ ಒಟ್ಟಿಗೆ ಮನೆಗೆ ಬರುತ್ತವೆ. ಮೊದಲಿನ ಎರಡರ ಬಗ್ಗೆ ಗಂಡ ಹೆಂಡತಿ ಕುಳಿತು ಮಾತನಾಡುತ್ತಾರೆ. ಮೂರನೆಯದು ಮಾತ್ರ ಗಂಡಸರ ವಿಷಯವೆಂದೋ, ಆಡಿಟರ್ ನೋಡಿಕೊಳ್ಳುತ್ತಾರೆ ಎಂದೋ ಬದಿಗೆ ಸರಿಯುತ್ತದೆ. ಆದರೆ ಆ ಲೆಕ್ಕದಿಂದ ಹಣ ಬಂದರೂ ಹೋದರೂ ಅದು ಮನೆಯ ಹಣವೇ ತಾನೆ?

ನಾನು ಹಲವು ವರ್ಷ ಒಂದು ಶಾಲೆಯ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡವಳು. ಶಿಕ್ಷಕರ ಸಂಬಳ, ತೆರಿಗೆ ಕಡಿತ, ಫಾರ್ಮ್ 16 ಇವೆಲ್ಲ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದವು. ಹಾಗಾಗಿ ಬಂಧುಗಳೂ ನೆರೆಯವರೂ ಈ ಕಾಗದಗಳನ್ನು ಹಿಡಿದುಕೊಂಡು ಈಗಲೂ ನನ್ನಲ್ಲಿಗೆ ಬರುತ್ತಾರೆ. ಬಂದವರಲ್ಲಿ ಎರಡು ವರ್ಗ. ಒಬ್ಬರ ಮುಖದಲ್ಲಿ ನಗು, ಅವರಿಗೆ ರೀಫಂಡ್ ಇದೆ. ಇನ್ನೊಬ್ಬರದು ಸಪ್ಪೆ ಮುಖ, ಅವರು ಕಟ್ಟಬೇಕಾಗಿದೆ. ನಗುವವರು ಗೆದ್ದವರೂ ಅಲ್ಲ, ಸಪ್ಪೆಯಾದವರು ಸೋತವರೂ ಅಲ್ಲ ಎಂದು ಇಬ್ಬರಿಗೂ ತಿಳಿಹೇಳುವುದೇ ನನಗೆ ಕಷ್ಟ.

ಯೋಚಿಸಿ ನೋಡಿ. ವರ್ಷವಿಡೀ ನಮ್ಮ ಸಂಬಳದಿಂದ, ಠೇವಣಿಯ ಬಡ್ಡಿಯಿಂದ, ಕಮಿಷನ್‌ನಿಂದ ಒಂದು ಅಂದಾಜಿನ ಮೇಲೆ ತೆರಿಗೆ ಮುರಿದುಕೊಳ್ಳಲಾಗುತ್ತದೆ. ಇದನ್ನೇ ಟಿಡಿಎಸ್ ಎನ್ನುವುದು. ವರ್ಷ ಮುಗಿದ ಮೇಲೆ ನಿಜವಾದ ಲೆಕ್ಕವಾಗುತ್ತದೆ. ಅಂದಾಜು ಹೆಚ್ಚಾಗಿದ್ದರೆ ಉಳಿದದ್ದು ನಮಗೆ ಮರಳುತ್ತದೆ, ಕಡಿಮೆಯಾಗಿದ್ದರೆ ನಾವು ಕೊಡುತ್ತೇವೆ. ರೀಫಂಡ್ ಎಂಬುದು ಸರಕಾರದ ಉಡುಗೊರೆಯಲ್ಲ, ಅದು ನಮ್ಮದೇ ಹಣ. ಕೊಡಬೇಕಾದ ಬಾಕಿ ಎಂಬುದು ದಂಡವೂ ಅಲ್ಲ, ಅದು ನಮ್ಮ ಮೇಲಿದ್ದ ಸಾಲ.

ನನ್ನ ತಮ್ಮ ಒಂದು ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕ. ಅವನಿಗೆ ಪ್ರತಿ ವರ್ಷ ಇಪ್ಪತ್ತು ಇಪ್ಪತ್ನಾಲ್ಕು ಸಾವಿರ ರೂಪಾಯಿ ರೀಫಂಡ್ ಬರುತ್ತಿತ್ತು. ಕಾರಣ ಬಹಳ ಸರಳ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದ ಅವನು ಮನೆ ಬಾಡಿಗೆಯ ರಸೀದಿ, ವಿಮೆಯ ಕಂತು, ಮಕ್ಕಳ ಟ್ಯೂಷನ್ ಫೀಸಿನ ದಾಖಲೆಗಳನ್ನು ಜನವರಿಯಲ್ಲಿ ಕಚೇರಿಗೆ ಕೊಡುತ್ತಲೇ ಇರಲಿಲ್ಲ. ಕಚೇರಿಯವರು ನಿಯಮದಂತೆ ಹೆಚ್ಚು ತೆರಿಗೆ ಮುರಿಯುತ್ತಿದ್ದರು. ಜುಲೈಯಲ್ಲಿ ರಿಟರ್ನ್ಸ್ ಸಲ್ಲಿಸಿ ಅವನು ಅದನ್ನು ಮರಳಿ ಪಡೆಯುತ್ತಿದ್ದ. ಹಣ ಬಂದ ದಿನ ಮನೆಗೆ ಬಿರಿಯಾನಿ ಬರುತ್ತಿತ್ತು.

“ತಿಂಗಳಿಗೆ ಎರಡು ಸಾವಿರ ನಿನ್ನ ಕೈಯಲ್ಲೇ ಇರಬೇಕಾಗಿದ್ದ ಹಣ ಇದು. ಅದನ್ನು ಸರಕಾರಕ್ಕೆ ಕೈಗಡ ಕೊಟ್ಟು, ಮರಳಿ ಬಂದಾಗ ಹಬ್ಬ ಮಾಡುತ್ತೀಯಲ್ಲ?” ಎಂದು ನಾನು ಕೇಳಿದಾಗ ಉತ್ತರ ಕೊಟ್ಟವಳು ಅವನ ಹೆಂಡತಿ. “ಅಕ್ಕಾ, ತಿಂಗಳು ತಿಂಗಳು ಬಂದರೆ ಅದು ಮೀನು ತರಕಾರಿಯಲ್ಲೇ ಕರಗಿಹೋಗುತ್ತದೆ. ಒಟ್ಟಿಗೆ ಬಂದರೆ ಮಗಳ ಫೀಸಿಗಾದರೂ ಆಗುತ್ತದಲ್ಲ?”

ಆ ಮಾತನ್ನು ನಾನು ತಳ್ಳಿಹಾಕಲಾರೆ. ಸಂಬಳದಲ್ಲಿ ಮನೆ ನಡೆಸುವ ಎಷ್ಟೋ ಸಹೋದರಿಯರಿಗೆ ಕೈಗೆ ಸಿಗದ ಹಣವೇ ಉಳಿತಾಯದ ಹಣ. ಆದರೆ ಈ ಡಬ್ಬಿಗೆ ಬೀಗದ ಕೈ ನಮ್ಮಲ್ಲಿಲ್ಲ ಎಂಬುದನ್ನು ಮರೆಯಬಾರದು. 2022ರಲ್ಲಿ ಅದೇ ಆಯಿತು. 2019 ಮತ್ತು 2020ರಲ್ಲಿ ಹಲವು ಬ್ಯಾಂಕುಗಳು ವಿಲೀನಗೊಂಡು ಶಾಖೆಗಳ ಐಎಫ್‌ಎಸ್‌ಸಿ ಸಂಖ್ಯೆಗಳು ಬದಲಾಗಿದ್ದವು. ತಮ್ಮ ಹೊಸ ಸಂಖ್ಯೆಯನ್ನು ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಸರಿಪಡಿಸಿರಲಿಲ್ಲ. ರೀಫಂಡ್ ಮಂಜೂರಾಯಿತು, ಆದರೆ ಖಾತೆಗೆ ಸೇರದೆ ಹಿಂದಿರುಗಿತು. ಖಾತೆಯನ್ನು ಮತ್ತೆ ದೃಢೀಕರಿಸಿ, ಮರುಪಾವತಿಗೆ ಹೊಸದಾಗಿ ಕೋರಿಕೆ ಸಲ್ಲಿಸಿ ಹಣ ಕೈಸೇರುವಾಗ ನವೆಂಬರ್. ಕಾಲೇಜು ನವೆಂಬರ್‌ವರೆಗೆ ಕಾಯಲಿಲ್ಲ. ಮಗಳ ಫೀಸಿಗಾಗಿ ಅವನು ಸಹೋದ್ಯೋಗಿಯೊಬ್ಬರ ಮುಂದೆ ಕೈಚಾಚಬೇಕಾಯಿತು. ತನ್ನದೇ ಹಣ ಇದ್ದೂ ಇನ್ನೊಬ್ಬರಲ್ಲಿ ಕೇಳುವ ಸಂಕಟ ಅದು. ಮುಂದಿನ ಜನವರಿಯಲ್ಲಿ ಅವನ ಹೆಂಡತಿಯೇ ರಸೀದಿಗಳನ್ನೆಲ್ಲ ಪಿನ್ ಹಾಕಿ ಕಚೇರಿಗೆ ಕಳುಹಿಸಿದಳು. ಈಗ ತಿಂಗಳಿಗೆ ಉಳಿಯುವ ಎರಡು ಸಾವಿರವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕುತ್ತಾಳೆ. ಡಬ್ಬಿ ಅದೇ, ಬೀಗದ ಕೈ ಮಾತ್ರ ಅವಳ ಸೊಂಟದಲ್ಲಿದೆ.

ಇನ್ನು ಕೊಡಬೇಕಾಗಿ ಬಂದವರ ಕಥೆ. ನನ್ನ ಅಕ್ಕನ ಮಗ 2023ರ ಅಕ್ಟೋಬರ್‌ನಲ್ಲಿ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರಿದ. ಮೊದಲ ಆರು ತಿಂಗಳಲ್ಲಿ ನಾಲ್ಕೂವರೆ ಲಕ್ಷ, ನಂತರದ ಆರು ತಿಂಗಳಲ್ಲಿ ಐದೂವರೆ ಲಕ್ಷ ಸಂಬಳ. ಆ ವರ್ಷ ಹೊಸ ಪದ್ಧತಿಯಲ್ಲಿ ಏಳು ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇತ್ತು. ಎರಡು ಕಚೇರಿಗಳೂ ತಾವು ಕೊಟ್ಟ ಸಂಬಳವನ್ನು ಮಾತ್ರ ನೋಡಿ, ಇವನಿಗೆ ತೆರಿಗೆಯೇ ಇಲ್ಲವೆಂದು ಒಂದು ರೂಪಾಯಿಯನ್ನೂ ಮುರಿಯಲಿಲ್ಲ. “ಚಿಕ್ಕಮ್ಮಾ, ಈ ವರ್ಷ ಪೂರ್ತಿ ಸಂಬಳ ಕೈಗೆ ಬಂತು” ಎಂದು ಅವನು ಖುಷಿಪಟ್ಟಿದ್ದ.

ಜುಲೈಯಲ್ಲಿ ಎರಡನ್ನೂ ಕೂಡಿಸಿದಾಗ ಹತ್ತು ಲಕ್ಷ. ಆಗಿನ ಸ್ಟಾಂಡರ್ಡ್ ಡಿಡಕ್ಷನ್ 50,000 ಕಳೆದರೆ ಒಂಬತ್ತೂವರೆ ಲಕ್ಷ. ಅದರ ಮೇಲೆ ತೆರಿಗೆ 52,500, ಶೇಕಡಾ 4ರ ಸೆಸ್ ಸೇರಿ 54,600 ರೂಪಾಯಿ. ಅಷ್ಟಕ್ಕೇ ಮುಗಿಯಲಿಲ್ಲ. ವರ್ಷದ ತೆರಿಗೆ ಬಾಕಿ ಹತ್ತು ಸಾವಿರಕ್ಕೆ ಮುಟ್ಟಿದರೆ ಅದನ್ನು ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15 ಮತ್ತು ಮಾರ್ಚ್ 15ರೊಳಗೆ ಕಂತುಗಳಲ್ಲಿ ಮುಂಗಡ ತೆರಿಗೆಯಾಗಿ ಕಟ್ಟಬೇಕು. ಕಟ್ಟದಿದ್ದರೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ. ಎಲ್ಲ ಸೇರಿ ಅವನು ಸುಮಾರು 59,500 ರೂಪಾಯಿ ಕಟ್ಟಿದ. ಮಳೆಗಾಲ ಮುಗಿದ ಕೂಡಲೇ ಮನೆಯ ಮಾಡಿನ ಹಂಚು ಬದಲಾಯಿಸಲೆಂದು ಅಕ್ಕ ತೆಗೆದಿಟ್ಟಿದ್ದ ಹಣ ಅದಕ್ಕೆ ಹೋಯಿತು. ಇನ್ನೊಂದು ಮಳೆಗಾಲವೂ ನಡುಮನೆಯಲ್ಲಿ ಬಕೆಟ್ ಇಟ್ಟುಕೊಂಡೇ ಕಳೆಯಿತು.

ಸೇರುವಾಗಲೇ ಹಳೆಯ ಕಚೇರಿಯ ಸಂಬಳದ ವಿವರವನ್ನು ಹೊಸ ಕಚೇರಿಗೆ ಬರೆದು ಕೊಟ್ಟಿದ್ದರೆ ಸಾಕಿತ್ತು. ಆಗ ಇದಕ್ಕೆ ಫಾರ್ಮ್ 12ಬಿ ಎಂಬ ನಮೂನೆಯಿತ್ತು. ತೆರಿಗೆ ತಪ್ಪುತ್ತಿರಲಿಲ್ಲ, ಆದರೆ ಆರು ತಿಂಗಳಲ್ಲಿ ಹಂಚಿಹೋಗುತ್ತಿತ್ತು, ಬಡ್ಡಿಯೂ ಬೀಳುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ವರ್ಷದ ನಡುವೆ ಕೆಲಸ ಬದಲಾಯಿಸಿದ್ದರೆ ಇಂದೇ ಕೇಳಿ ನೋಡಿ.

ಎರಡೂ ಕಡೆಯ ಬಡ್ಡಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನಾವು ಕಡಿಮೆ ಕಟ್ಟಿದರೆ ತಿಂಗಳಿಗೆ ಶೇಕಡಾ 1. ನಮ್ಮಿಂದ ಹೆಚ್ಚು ಹೋಗಿದ್ದರೆ ಇಲಾಖೆ ಕೊಡುವುದು ತಿಂಗಳಿಗೆ ಶೇಕಡಾ ಅರ್ಧ ಮಾತ್ರ, ಅದೂ ವರ್ಷ ಮುಗಿದ ನಂತರದ ಏಪ್ರಿಲ್‌ನಿಂದ. ರೀಫಂಡ್ ಮೊತ್ತವು ಒಟ್ಟು ತೆರಿಗೆಯ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಅದೂ ಇಲ್ಲ. ಬಂದ ಆ ಬಡ್ಡಿಯನ್ನೂ ಮುಂದಿನ ಬಾರಿ ಆದಾಯವೆಂದು ತೋರಿಸಬೇಕು. ಅಂದರೆ ಎರಡು ತುದಿಯಲ್ಲೂ ಲಾಭ ನಮಗಿಲ್ಲ. ಕೊನೆಗೆ ಸೊನ್ನೆಯ ಹತ್ತಿರ ಬಂದು ನಿಲ್ಲುವ ಲೆಕ್ಕವೇ ಒಳ್ಳೆಯ ಲೆಕ್ಕ.

ಬಡ್ಡಿಯ ಮಾತು ಬಂದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಒಂದು ಪ್ರಶ್ನೆಯನ್ನು ಬಿಡುವಂತಿಲ್ಲ. “ಬ್ಯಾಂಕಿನ ಬಡ್ಡಿಯನ್ನು ನಾವು ಮುಟ್ಟುವುದೇ ಇಲ್ಲ. ತೆಗೆದು ಬಡವರಿಗೆ ಕೊಟ್ಟುಬಿಡುತ್ತೇವೆ. ಮತ್ತೆ ಅದನ್ನು ಯಾಕೆ ತೋರಿಸಬೇಕು?” ಎಂದು ಹಲವರು ಕೇಳುತ್ತಾರೆ. ನಾವು ಅದನ್ನು ಏನು ಮಾಡಿದೆವು ಎಂಬುದನ್ನು ಕಾನೂನು ನೋಡುವುದಿಲ್ಲ. ನಮ್ಮ ಹೆಸರಿನ ಖಾತೆಗೆ ಜಮೆಯಾದರೆ ಅದು ನಮ್ಮ ಆದಾಯ. ಬ್ಯಾಂಕ್ ಅದನ್ನು ಇಲಾಖೆಗೆ ತಿಳಿಸುತ್ತದೆ. ನಾವು ಬಿಟ್ಟರೆ ನೋಟಿಸು ಬರುತ್ತದೆ.

ಇಷ್ಟೆಲ್ಲ ಬರೆಯಲು ನನ್ನನ್ನು ಪ್ರೇರೇಪಿಸಿದವಳು ಮಾತ್ರ ಇವರು ಯಾರೂ ಅಲ್ಲ, ನಮ್ಮ ನೆರೆಯ ಒಬ್ಬ ಸಹೋದರಿ. ಆಕೆಯ ಪತಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನ್ಯಾಯಾಧಿಕರಣವು ಪರಿಹಾರ ನೀಡುವಾಗ ಅದರ ದೊಡ್ಡ ಪಾಲನ್ನು ಆಕೆಯ ಹೆಸರಿನಲ್ಲಿ ಐದು ವರ್ಷ ಬ್ಯಾಂಕ್ ಠೇವಣಿ ಇಡಬೇಕೆಂದು ಆದೇಶಿಸಿತು. ಹಣ ಒಮ್ಮೆಗೇ ಕರಗಿಹೋಗದಿರಲಿ, ಯಾರೂ ಕಿತ್ತುಕೊಳ್ಳದಿರಲಿ ಎಂದು ನ್ಯಾಯಾಲಯಗಳು ಹೀಗೆ ಮಾಡುವುದುಂಟು. ವರ್ಷಕ್ಕೆ 96,000 ರೂಪಾಯಿ ಬಡ್ಡಿ. ಇದರ ಹೊರತಾಗಿ ಹೊಲಿಗೆಯಿಂದ ಸಿಗುವ ಅಲ್ಪ ಸಂಪಾದನೆ. ಯಾವ ಲೆಕ್ಕದಲ್ಲೂ ಆಕೆ ತೆರಿಗೆ ಕಟ್ಟಬೇಕಾದವಳಲ್ಲ. ಆದರೂ ಬಡ್ಡಿ 40,000 ದಾಟಿದ್ದರಿಂದ ಬ್ಯಾಂಕ್ ಶೇಕಡಾ 10ರಂತೆ ವರ್ಷಕ್ಕೆ 9,600 ರೂಪಾಯಿ ಮುರಿಯುತ್ತಿತ್ತು. 2022-23, 2023-24, 2024-25, ಹೀಗೆ ಮೂರು ವರ್ಷಕ್ಕೆ 28,800 ರೂಪಾಯಿ.

2025ರ ಜೂನ್‌ನಲ್ಲಿ ಆಕೆ ಪಾಸ್‌ಬುಕ್ ಹಿಡಿದುಕೊಂಡು ಬಂದದ್ದು ಬೇರೆ ಕೆಲಸಕ್ಕೆ. ಮಗನ ಪಿಯುಸಿ ಪ್ರವೇಶಕ್ಕೆ ಅಡವಿಟ್ಟ ಎರಡು ಬಳೆಗಳ ಸಾಲ ಎಷ್ಟಾಗಿದೆ ಎಂದು ಕೇಳಲು. ಪುಟ ತಿರುಗಿಸುವಾಗ ಆ ಕಡಿತಗಳು ಕಂಡವು. “ಇದೇನು?” ಎಂದೆ. “ಅದು ಸರಕಾರಕ್ಕೆ ಹೋಗುವುದಂತೆ ಅಕ್ಕಾ. ಕೌಂಟರ್‌ನಲ್ಲಿ ಕೇಳಿದಾಗ ಹಾಗೆಯೇ ಹೇಳಿದರು” ಎಂದಳು. ಹೇಳಿದವರು ಸುಳ್ಳು ಹೇಳಿರಲಿಲ್ಲ. ಅದು ಮರಳಿ ಸಿಗುತ್ತದೆ ಎಂಬ ಇನ್ನರ್ಧ ಮಾತನ್ನು ಮಾತ್ರ ಯಾರೂ ಹೇಳಿರಲಿಲ್ಲ. ತನ್ನ ಹಣ ಸರಕಾರದ ಬಳಿ ಬಿದ್ದಿರುವಾಗ ಆಕೆ ಬಳೆ ಅಡವಿಟ್ಟು ಸಾಲದ ಬಡ್ಡಿ ಕಟ್ಟುತ್ತಿದ್ದಳು.

2024-25ರ ಹಣ ಸುಲಭವಾಗಿ ಬಂತು. ಸಮಯಕ್ಕೆ ರಿಟರ್ನ್ಸ್ ಸಲ್ಲಿಸಿದೆವು, ಆಧಾರ್ ಒಟಿಪಿಯಿಂದ ದೃಢೀಕರಿಸಿದೆವು. ಇದನ್ನು ಸಲ್ಲಿಸಿದ 30 ದಿನಗಳೊಳಗೆ ಮಾಡದಿದ್ದರೆ ಶ್ರಮ ವ್ಯರ್ಥ. ದೇಶದ ರಿಟರ್ನ್ಸ್‌ಗಳನ್ನೆಲ್ಲ ಪರಿಶೀಲಿಸುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಅಲ್ಲಿಂದ ಒಂದು ತಿಂಗಳಲ್ಲಿ 9,600 ಮತ್ತು ಅಲ್ಪ ಬಡ್ಡಿ ಖಾತೆಗೆ ಬಂತು. ಹಿಂದಿನ ಎರಡು ವರ್ಷಗಳ 19,200 ಮಾತ್ರ ಸುಲಭವಾಗಿರಲಿಲ್ಲ. ತಡವಾದ ರಿಟರ್ನ್ಸ್ ಸಲ್ಲಿಸುವ ಅವಧಿ ಮುಗಿದುಹೋಗಿತ್ತು. 2022ರಿಂದ ಬಂದಿರುವ ಅಪ್‌ಡೇಟೆಡ್ ರಿಟರ್ನ್ಸ್ ಹೆಚ್ಚು ತೆರಿಗೆ ಕಟ್ಟಲು ಮಾತ್ರ, ರೀಫಂಡ್ ಕೇಳಲು ಅಲ್ಲ. ಉಳಿದದ್ದು ಒಂದೇ ಬಾಗಿಲು. ವಿಳಂಬವನ್ನು ಮನ್ನಿಸಬೇಕೆಂದು ಆಯುಕ್ತರಿಗೆ ಅರ್ಜಿ ಸಲ್ಲಿಸುವುದು. 2024ರ ಅಕ್ಟೋಬರ್ 1ರ ಸುತ್ತೋಲೆಯ ಪ್ರಕಾರ ಇದಕ್ಕೆ ಆಯಾ ತೆರಿಗೆ ನಿರ್ಧರಣಾ ವರ್ಷ ಮುಗಿದ ಮೇಲೆ ಐದು ವರ್ಷಗಳ ಗಡುವು. ಪತಿಯ ಮರಣ ಪ್ರಮಾಣಪತ್ರ, ನ್ಯಾಯಾಧಿಕರಣದ ಆದೇಶದ ಪ್ರತಿ, ಟಿಡಿಎಸ್ ದಾಖಲೆ ಎಲ್ಲವನ್ನೂ ಲಗತ್ತಿಸಿ ಆಕೆ ಅರ್ಜಿ ಹಾಕಿದ್ದಾಳೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಬರುತ್ತದೆ, ಇನ್ಶಾ ಅಲ್ಲಾಹ್. ಬಂದ 9,600ರಿಂದ ಒಂದು ಬಳೆ ಬಿಡಿಸಿಕೊಂಡಿದ್ದಾಳೆ. ಇನ್ನೊಂದು ಆ ಉತ್ತರವನ್ನು ಕಾಯುತ್ತಿದೆ.

ಇದನ್ನೆಲ್ಲ ತಪ್ಪಿಸಲು ಒಂದು ಹಾಳೆ ಸಾಕಿತ್ತು. ತೆರಿಗೆ ಬೀಳದಷ್ಟೇ ಆದಾಯವಿರುವವರು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಒಂದು ಘೋಷಣೆ ಬರೆದು ಕೊಟ್ಟರೆ ಟಿಡಿಎಸ್ ಮುರಿಯುವುದಿಲ್ಲ. ಬಹುಕಾಲ ಇದು 60ಕ್ಕಿಂತ ಕೆಳಗಿನವರಿಗೆ 15ಜಿ, ಮೇಲಿನವರಿಗೆ 15ಎಚ್ ಎಂದೇ ಪರಿಚಿತ. 1961ರ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆಂದು 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ನಮೂನೆಯ ಹೆಸರಿಗೆ ಅಂಟಿಕೊಳ್ಳಬೇಡಿ, ‘ಟಿಡಿಎಸ್ ಮುರಿಯದಿರಲು ಕೊಡುವ ಘೋಷಣೆ’ ಎಂದು ಕೇಳಿ. 2025ರ ಏಪ್ರಿಲ್‌ನಿಂದ ಕಡಿತದ ಮಿತಿಯೂ 50,000ಕ್ಕೆ, 60 ದಾಟಿದವರಿಗೆ ಒಂದು ಲಕ್ಷಕ್ಕೆ ಏರಿತು. ಪ್ಯಾನ್ ಕೊಡದಿದ್ದರೆ ಮಾತ್ರ ಕಡಿತ ಶೇಕಡಾ 20. ಪ್ಯಾನ್‌ಗೆ ಆಧಾರ್ ಜೋಡಣೆಯಾಗಿದೆಯೇ ಎಂದೂ ನೋಡಿಕೊಳ್ಳಿ.

ಕೊನೆಯದಾಗಿ ಎರಡು ಎಚ್ಚರಿಕೆಗಳು. “ನಿಮಗೆ ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ” ಎಂದು ಮೊಬೈಲ್‌ಗೆ ಬರುವ ಸಂದೇಶವನ್ನು ನಂಬಬೇಡಿ. ಇಲಾಖೆ ಯಾರ ಪಿನ್ ಸಂಖ್ಯೆಯನ್ನೂ ಕೇಳುವುದಿಲ್ಲ. ಇನ್ನು, “ನಿಮಗೆ ಹೆಚ್ಚು ರೀಫಂಡ್ ಮಾಡಿಸಿಕೊಡುತ್ತೇನೆ, ನನಗೆ ಇಷ್ಟು ಪಾಲು ಕೊಡಿ” ಎನ್ನುವವರನ್ನು ಬಾಗಿಲಿನಿಂದಲೇ ಕಳುಹಿಸಿ. ಕೊಡದ ದೇಣಿಗೆ, ಇಲ್ಲದ ಬಾಡಿಗೆ ತೋರಿಸಿ ಹೀಗೆ ಹಣ ಪಡೆದವರ ವಿಷಯದಲ್ಲಿ 2025ರ ಜುಲೈಯಲ್ಲಿ ಇಲಾಖೆ ದೇಶದ ಸುಮಾರು 150 ಕಡೆ ತಪಾಸಣೆ ನಡೆಸಿತು. ಸಿಕ್ಕಿಬಿದ್ದರೆ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು. ದಂಡದ ಮಾತು ಹಾಗಿರಲಿ, ನಮ್ಮದಲ್ಲದ ಹಣ ನಮಗೇಕೆ? ನಮ್ಮ ಹಕ್ಕಿನ ಒಂದು ರೂಪಾಯಿಯನ್ನೂ ಬಿಡಬಾರದು. ನಮ್ಮ ಹಕ್ಕಲ್ಲದ ಒಂದು ರೂಪಾಯಿಯನ್ನೂ ಮುಟ್ಟಬಾರದು.

ಪ್ರಿಯ ಸಹೋದರಿಯರೇ, ಒಂದು ಕೆಲಸ ಮಾಡಿ. ನಿಮ್ಮ ತಾಯಿಯ, ಅತ್ತೆಯ, ನೆರೆಮನೆಯ ಒಂಟಿ ಹೆಣ್ಣುಮಗಳ ಪಾಸ್‌ಬುಕ್ಕನ್ನು ಅವರ ಒಪ್ಪಿಗೆ ಕೇಳಿ ಒಮ್ಮೆ ತೆರೆದು ನೋಡಿ. ಮಾರ್ಚ್ ತಿಂಗಳ ಸಾಲುಗಳಲ್ಲಿ ಟಿಡಿಎಸ್ ಎಂಬ ಮೂರಕ್ಷರ ಕಂಡರೆ, ಅದು ಹೋದ ಹಣವೋ ಕಾಯುತ್ತಿರುವ ಹಣವೋ ಎಂದು ವಿಚಾರಿಸಿ. ಗಡುವು ಮುಗಿಯುವ ಮೊದಲು ಯಾರಾದರೂ ಒಬ್ಬರು ಕೇಳಿದರೆ ಸಾಕು, ಎಷ್ಟೋ ಮನೆಯ ಬಳೆಗಳು ಅಡವಿಗೆ ಹೋಗದೆ ಉಳಿಯುತ್ತವೆ.